ಗೋಳಿಬಜೆ ಲಾರಿಯ ಪೊರ್ಬುಗಳು

ಅವರ ಬಲಗೈಯ ಕಿರುಬೆರಳು ಸದಾ ಎಣ್ಣೆಯಲ್ಲಿ ಮಿಂದಿರುತ್ತಿತ್ತು. ಉಡುಪಿಯ ಹೋಟೆಲುಗಳ ಹಿತ್ತಲಿನಲ್ಲಿ ನಿಂತು, ಕರಿದು ಕಪ್ಪಾದ ತೆಂಗಿನೆಣ್ಣೆಗೆ ಆ ಬೆರಳನ್ನು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಸಿ, "ಇದು ಓಡುತ್ತದೆ" ಎಂದೋ "ನೀರುಂಟು, ಬೇಡ" ಎಂದೋ ತೀರ್ಪು ಕೊಡುತ್ತಿದ್ದರು. ಓಡಬೇಕಾದದ್ದು ಅವರ ಹಳೆಯ ಲಾರಿ. ಕಾಪುವಿನಲ್ಲಿ ನಮ್ಮ ನೆರೆಮನೆಯವರು, ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮ ಕಡೆ ಅಂಥ ಹಿರಿಯರನ್ನು ಕರೆಯುವಂತೆ ನಾವೂ ಪೊರ್ಬುಗಳೆಂದೇ ಕರೆಯುತ್ತಿದ್ದೆವು. ಕಸುಬು ಹಂಚು ಸಾಗಿಸುವುದು. ಹುಚ್ಚು, ಹೋಟೆಲಿನವರು ಚೆಲ್ಲುವ ಎಣ್ಣೆಯಲ್ಲಿ ಲಾರಿ ಓಡಿಸುವುದು.

ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿದ ಎಣ್ಣೆಗೆ ಒಂದು ಟ್ಯಾಂಕಿ, ಡೀಸೆಲಿಗೆ ಇನ್ನೊಂದು, ನಡುವೆ ಹಿತ್ತಾಳೆಯ ನಲ್ಲಿ. ಬೆಳಿಗ್ಗೆ ಡೀಸೆಲಿನಲ್ಲಿ ಹೊರಟು, ಎಂಜಿನ್ ಬಿಸಿಯಾದ ಮೇಲೆ ನಲ್ಲಿಯನ್ನು ಎಣ್ಣೆಗೆ ತಿರುಗಿಸುವುದು. ಸಂಜೆ ಮನೆಯಂಗಳದಲ್ಲಿ ಎಂಜಿನ್ ನಿಲ್ಲಿಸುವ ಮೊದಲು ಮರೆಯದೆ ಡೀಸೆಲಿಗೆ ತಿರುಗಿಸಬೇಕು; ಇಲ್ಲದಿದ್ದರೆ ಚಳಿಗೆ ತೆಂಗಿನೆಣ್ಣೆ ಪೈಪಿನೊಳಗೇ ಗಟ್ಟಿಯಾಗಿಬಿಡುತ್ತದೆ. ನಗುವವರಿಗೆಲ್ಲ ಅವರದೊಂದೇ ಸವಾಲು: "ನನ್ನ ಗಾಡಿ ಕೈಕೊಟ್ಟದ್ದು ಒಂದು ದಿನ ತೋರಿಸು ಮಾರಾಯ!" ತಪ್ಪು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ.

ಲಾರಿ ಹೋದ ದಾರಿಯುದ್ದಕ್ಕೂ ಆಗಷ್ಟೇ ಕರಿದ ಗೋಳಿಬಜೆಯ ಪರಿಮಳ. ಏಕಾದಶಿಯ ಉಪವಾಸದಲ್ಲಿದ್ದ ನಮ್ಮಜ್ಜಿ ಒಮ್ಮೆ ತಡೆಯಲಾರದೆ ಗೇಟಿಗೆ ಬಂದು, "ಇವತ್ತಾದರೂ ಡೀಸೆಲ್ ಹಾಕಬಾರದಾ ಪೊರ್ಬುಗಳೇ?" ಎಂದು ಗದರಿದರು. ಮುಂದಿನ ಏಕಾದಶಿಯಿಂದ ಪೊರ್ಬುಗಳು ನಮ್ಮ ಬೀದಿಯಲ್ಲಿ ಡೀಸೆಲಿನಲ್ಲೇ ಓಡಿಸಿದರು. ಇಗರ್ಜಿಗೆ ತಪ್ಪದೆ ಹೋಗುವ ಆ ಮನುಷ್ಯ, ಏಕಾದಶಿ ಯಾವತ್ತೆಂದು ಅಜ್ಜಿಯಷ್ಟೇ ನೆನಪಿಟ್ಟುಕೊಳ್ಳುತ್ತಿದ್ದರು.

ಐವತ್ತರ ದಶಕ ಮುಗಿಯುತ್ತಿತ್ತು. ನನಗೆ ಹದಿನೆಂಟು, ಅಪ್ಪ ಇರಲಿಲ್ಲ. ಕಾರ್ಕಳದಲ್ಲಿ ಶಿಕ್ಷಕಿಯರ ತರಬೇತಿಗೆ ಸಂದರ್ಶನವಿತ್ತು. ಅದು ತಪ್ಪಿದರೆ ಸೋದರಮಾವ ನೋಡಿಟ್ಟ ಗಂಡಿಗೆ ಕೊರಳೊಡ್ಡುವುದೇ ಸೈ. ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಹಿಂದಿನ ಸಂಜೆ ಅಮ್ಮ ಬೀದಿಗೇ ಇಳಿದು ಲಾರಿಗೆ ಕೈ ಅಡ್ಡ ಮಾಡಿದಳು. ವಿಷಯ ಕೇಳಿದ್ದೇ ಪೊರ್ಬುಗಳು ಎಂಜಿನ್ ನಿಲ್ಲಿಸಿ ಕೆಳಗೆ ಹಾರಿದರು. "ಟೀಚರ್ ಆಗ್ತೀಯಾ? ಇದಕ್ಕೆ ಎಂತ ಕೇಳುವುದುಂಟು? ಬೆಳಿಗ್ಗೆ ಆರಕ್ಕೆ ತಯಾರಾಗಿರು" ಎಂದರು. ಲಾರಿ ರಾತ್ರಿಯಿಡೀ ಅಲ್ಲೇ ನಿಂತಿತು. ನಲ್ಲಿ ಎಣ್ಣೆಯ ಕಡೆಗೇ ಇತ್ತು.

ಡಿಸೆಂಬರಿನ ಬೆಳಗು. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅವರ ಅಂಗಿ ಒದ್ದೆಯಾಯಿತು, ಎಂಜಿನ್ ಕೆಮ್ಮಲೂ ಇಲ್ಲ. ಪೈಪು ಬಿಚ್ಚಿದರೆ ಒಳಗೆ ಬೆಣ್ಣೆಯಂತೆ ಬೆಳ್ಳಗೆ ಎಣ್ಣೆ. ನಮ್ಮ ಬಚ್ಚಲಿನ ಹಂಡೆಯಿಂದ ಬಿಸಿನೀರು ಹೊತ್ತು ತಂದೆವು. ಇದ್ದ ಒಂದೇ ಒಳ್ಳೆಯ ಸೀರೆಯುಟ್ಟು ನಾನು ಪೈಪಿಗೆ ಬಿಸಿ ಬಟ್ಟೆ ಒತ್ತಿ ಹಿಡಿದೆ, ಅಳುತ್ತಲೇ.

ಕಾರ್ಕಳ ಮುಟ್ಟುವಾಗ ಸಂದರ್ಶನ ಮುಗಿದಿತ್ತು. ಮುಖ್ಯೋಪಾಧ್ಯಾಯಿನಿ ಕಾಗದ ಕಟ್ಟಿಡುತ್ತಾ, "ಹೊತ್ತಿಗೆ ಬಾರದವಳು ಮಕ್ಕಳಿಗೆ ಎಂತ ಕಲಿಸುತ್ತಾಳೆ?" ಎಂದರು. ಆಗ ಪೊರ್ಬುಗಳು, ಎಣ್ಣೆ ಮೆತ್ತಿದ ಅಂಗಿಯಲ್ಲೇ ಒಳಗೆ ಬಂದರು.

"ಅಮ್ಮಾ, ತಪ್ಪು ಹುಡುಗಿಯದ್ದಲ್ಲ, ನನ್ನದು. ನಲ್ಲಿ ತಿರುಗಿಸಲು ಮರೆತೆ. ನನ್ನ ಗಾಡಿ ಕೈಕೊಟ್ಟಿತು. ನಂಬಿಕೆ ಬಾರದಿದ್ದರೆ ಬಂದು ಮೂಸಿ ನೋಡಿ."

ಮುಖ್ಯೋಪಾಧ್ಯಾಯಿನಿ ನಿಜಕ್ಕೂ ಗೇಟಿನವರೆಗೆ ಬಂದರು. ಗುಡುಗುಡು ಎನ್ನುತ್ತಿದ್ದ ಲಾರಿಯ ಹೊಗೆ ಮೂಗಿಗೆ ಬಡಿದದ್ದೇ ಸೆರಗು ಬಾಯಿಗೊತ್ತಿ ನಕ್ಕರು. ಆಮೇಲೆ ನನ್ನತ್ತ ತಿರುಗಿ, "ಒಳಗೆ ಬಾ" ಎಂದರು.

ನನಗೆ ಸೀಟು ಸಿಕ್ಕಿತು. ಪೊರ್ಬುಗಳಿಗೆ ಊರೆಲ್ಲ ಗೇಲಿ. "ಲಾರಿಗೆ ಇವತ್ತು ಬಿಸಿನೀರಿನ ಸ್ನಾನ ಆಯ್ತಾ?" ಎಂದು ಕೇಳದವರಿಲ್ಲ. ಅವರು ಸುಮ್ಮನೆ ನಗುತ್ತಿದ್ದರು. ಯಾಕೆ ಮರೆತೆನೆಂದು ಯಾರಿಗೂ ಹೇಳಲಿಲ್ಲ. ಆ ಸವಾಲನ್ನು ಮತ್ತೆಂದೂ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ನಾನು ಶಾಲೆಗೆ ರಜೆ ಹಾಕಿ ಓಡಿಬಂದೆ. ಅಂಗಳದಲ್ಲಿ ಸೇರಿದವರು ಅದೇ ಕಥೆ ಹೇಳಿಕೊಂಡು ಅಳುತ್ತಾ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅವರ ಹೆಂಡತಿಯ ಪಕ್ಕ ಕುಳಿತು, "ಬಾಯಮ್ಮ, ಅವತ್ತು ಅವರು ನಲ್ಲಿ ಮರೆತದ್ದು ನನ್ನಿಂದ" ಎಂದೆ.

"ನನಗೆ ಗೊತ್ತುಂಟು ಮಗಾ" ಎಂದು ಅವರು ನನ್ನ ಕೈ ಹಿಡಿದರು. "ಆ ಸಂಜೆ ಲಾರಿಯನ್ನು ಬೀದಿಯಲ್ಲೇ ಬಿಟ್ಟು ಓಡಿಕೊಂಡು ಬಂದಿದ್ದರು. ಚಪ್ಪಲಿ ಕಳಚುವ ಮೊದಲೇ ಹೇಳಿದರು, ನಮ್ಮ ಹುಡುಗಿ ಟೀಚರ್ ಆದಳು ಅಂತ."