ಪ್ರೀಆಂಪ್ ಹುಡುಕಲು ಹೋಗಿ ಕಿವಿ ತೋರಿಸಿಕೊಂಡೆ

ಎರಡನೇ ಡಬ್ಬಿಯನ್ನೂ ವಾಪಸ್ ಕಳಿಸಲು ಹೋದಾಗ ಕೊರಿಯರ್ ಆಫೀಸಿನಾಕೆ ಕೇಳಿದರು, "ಇದಕ್ಕೇನಾಯ್ತು ಸಾರ್?"

"ತಾಳ ಕೇಳಿಸ್ತಿಲ್ಲ ಕಣಮ್ಮಾ" ಅಂದೆ. ಆಕೆ ನನ್ನ ಮುಖವನ್ನೇ ನೋಡಿದರು.

ಡಬ್ಬಿ ಅಂದರೆ ಫೋನೋ ಪ್ರೀಆಂಪ್. ರೆಕಾರ್ಡ್ ಪ್ಲೇಯರ್‌ನ ಸೂಜಿಯಿಂದ ಬರುವ ಸದ್ದು ತೀರಾ ಸಣ್ಣದು. ಅದನ್ನು ಎತ್ತಿ, ತಿದ್ದಿ ಆಂಪ್ಲಿಫೈಯರ್‌ಗೆ ಕೊಡುವ ಪುಟ್ಟ ಯಂತ್ರ ಇದು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದ ಕೂಡಿಸಿದ ಇನ್ನೂರು ಚಿಲ್ಲರೆ ಎಲ್‌ಪಿ ನನ್ನಲ್ಲಿವೆ. ರಿಟೈರ್ ಆದಮೇಲೆ ಹೊಸ ಪ್ಲೇಯರ್ ತಂದೆ. ಪ್ರೀಆಂಪ್ ಮಾತ್ರ ಒಂದೂ ಒಪ್ಪಿಗೆಯಾಗಲಿಲ್ಲ.

ಮೊದಲನೆಯದು ಮಂಕು, ಭಜನೆಯ ತಾಳದ ಝಣ್ ಅನ್ನುವ ಸದ್ದೇ ಇಲ್ಲ. ಎರಡನೆಯದು ಇನ್ನೂ ಮಂಕು. ಮೊದಲನೆಯದಕ್ಕೆ ಆನ್‌ಲೈನಲ್ಲಿ ಒಂದೇ ಸ್ಟಾರ್ ಕೊಟ್ಟು, ನಾಲ್ಕು ಸಾಲು ಬೈದೂ ಬರೆದೆ. (ಅಂಕಣ ಬರೆಯುವವನ ಕೈ ಸುಮ್ಮನಿರುತ್ತದೆಯೇ?)

ನಾನು ಬಿಡುವವನಲ್ಲ. ಅಜ್ಜಂಪುರದ ರುದ್ರಣ್ಣನವರಿಗೆ ಫೋನ್ ಮಾಡಿದೆ. ಮದುವೆಗಳಿಗೆ ಮೈಕ್ ಸೆಟ್ ಹಾಕಿ ಹಾಕಿ ತಲೆ ಬೆಳ್ಳಗಾದವರು. ಈಗ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ. ತಾವೇ ಸೋಲ್ಡರ್ ಮಾಡಿದ ಪ್ರೀಆಂಪ್ ಹಿಡಿದು, ಭಾನುವಾರ ತರೀಕೆರೆಯ ನಮ್ಮನೆಗೇ ಬಂದರು. ಭಜನೆಯ ರೆಕಾರ್ಡ್ ಹಾಕಿದೆವು.

"ಹೆಂಗೈತೆ ಸಾ?"

"ಇದೂ ಮಂಕು ಕಣ್ರೀ. ತಾಳ ಎಲ್ಲಿ?"

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಸರ್ವಮಂಗಳ ಕೂಗಿದಳು. "ರೀ, ಆ ತಾಳ ಒಂಚೂರು ಕಮ್ಮಿ ಮಾಡ್ರೀ! ಕಿವಿಗೆ ಚುಚ್ತಾ ಇದೆ!"

ರುದ್ರಣ್ಣ ರೆಕಾರ್ಡ್ ನಿಲ್ಲಿಸಿದರು. "ತಪ್ಪು ತಿಳ್ಕೋಬ್ಯಾಡಿ ಸಾ. ಡಬ್ಬಿ ಸರಿಯಾಗೈತೆ. ಒಂದ್ಸಲ ಕಿವಿ ತೋರ್ಸ್ಬಿಡಿ. ಹಾರ್ನ್ ಪಕ್ಕ ನಿಂತೂ ನಿಂತೂ ನಂಗೂ ಹಿಂಗೇ ಆಗಿತ್ತು." ತಲೆ ತಿರುಗಿಸಿ, ಕಿವಿ ಹಿಂದಿನ ಮಷೀನು ತೋರಿಸಿದರು.

ಸಿಟ್ಟು ಬಂತು. ಕಾಫಿ ಕೊಡಬೇಕೆಂದೂ ಹೊಳೆಯಲಿಲ್ಲ. (ಸರ್ವಮಂಗಳ ಕೊಟ್ಟಳು.)

ಮೂರು ದಿನ ಪ್ಲೇಯರ್ ಮುಟ್ಟಲಿಲ್ಲ. ಸಿಟ್ಟಲ್ಲ, ಹೆದರಿಕೆ. ಇಷ್ಟು ವರ್ಷ ಕಾಪಾಡಿದ ಹಾಡುಗಳು ನನಗೇ ಕೇಳಿಸದೆ ಹೋದರೆ? ನಾಲ್ಕನೇ ದಿನ ಕಿವಿ ಪರೀಕ್ಷೆಗೆಂದು ಕಡೂರಿನ ಬಸ್ ಹತ್ತಿದೆ.

ಅಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದರು. ಸದ್ದು ಕೇಳಿದ ಕೂಡಲೇ ಬಟನ್ ಒತ್ತಬೇಕು. ನನ್ನ ಬೆರಳು ಎಷ್ಟೋ ಹೊತ್ತು ಸುಮ್ಮನೆ ಕೂತಿತ್ತು. ಸದ್ದು ಬರುತ್ತಲೇ ಇತ್ತಂತೆ!

"ಕೀಚಲು ಸದ್ದು ಎರಡೂ ಕಿವಿಗೆ ಸರಿಯಾಗಿ ಕೇಳಿಸ್ತಿಲ್ಲ. ಹಿಯರಿಂಗ್ ಏಡ್ ಹಾಕ್ಕೋತೀರಾ?" ಟೆಸ್ಟ್ ಮಾಡಿದ ಮೇಡಂ ಕೇಳಿದರು.

"ಹಾಕ್ಕೋತೀನಿ. ಆದ್ರೆ ನಂಗೆ ತಾಳ ಕೇಳಿಸ್ಬೇಕು."

ಮಾತಿಗೆ ಹೊಂದಿಸಿದ ಮಷೀನಿನಲ್ಲಿ ಸಂಗೀತ ತಗಡು ಬಡಿದ ಹಾಗಿತ್ತು. ಬಿಟ್ಟೆನೇ? ಭಜನೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮತ್ತೆ ನಾಲ್ಕು ಸಲ ಕಡೂರಿಗೆ ಹೋದೆ. ಸಂಗೀತಕ್ಕೆಂದೇ ಬೇರೆ ಸೆಟಿಂಗ್ ಮಾಡಿಸಿಕೊಂಡೆ. ಮೇಡಂಗೆ ಆ ಭಜನೆ ಬಾಯಿಪಾಠವಾಗಿರಬೇಕು.

ಆಮೇಲೆ ನಿಜವಾದ ಆಯ್ಕೆ. ನಾನು ಬೈದಿದ್ದ ಮೊದಲನೇ ಪ್ರೀಆಂಪನ್ನು ಮತ್ತೆ ತರಿಸಿದೆ. ಅದಕ್ಕೂ ನ್ಯಾಯ ಬೇಡವೇ? ರುದ್ರಣ್ಣನವರು ಅವತ್ತು ಬಿಟ್ಟುಹೋಗಿದ್ದದ್ದೂ ಪಕ್ಕದಲ್ಲಿತ್ತು. ಮೊದಲನೆಯದರಲ್ಲಿ ತಾಳ ಝಣ್ ಅಂತು. ನಾಚಿಕೆಯಾಯಿತು. ರುದ್ರಣ್ಣನವರದರಲ್ಲೂ ಝಣ್ ಅಂತು. ಜೊತೆಗೆ, ಹಾಡುವಾಕೆ ಪಲ್ಲವಿಗೆ ಮುಂಚೆ ಉಸಿರು ಎಳೆದುಕೊಂಡದ್ದೂ ಕೇಳಿತು. ಕಣ್ಣು ಒದ್ದೆಯಾಯಿತು. ಅದನ್ನೇ ಇಟ್ಟುಕೊಂಡೆ. ಆನ್‌ಲೈನಿನಲ್ಲಿ ಬೈದದ್ದನ್ನು ಅಳಿಸಿ, ತಪ್ಪು ನನ್ನದೆಂದು ಬರೆದೆ. ರುದ್ರಣ್ಣನವರಿಗೂ ಫೋನ್ ಮಾಡಿ ಹೇಳಿದೆ.

ಅವತ್ತು ಸಂಜೆ ಹಿತ್ತಲಲ್ಲಿ ಬಟ್ಟೆ ಮಡಚುತ್ತಾ ಸರ್ವಮಂಗಳ ಏನೋ ಕೇಳಿದಳು. ಉತ್ತರ ಕೊಟ್ಟೆ. ಅವಳ ಕೈ ಹಾಗೇ ನಿಂತಿತು. "ಮೆತ್ತಗೇ ಅಂದೆ ಕಣ್ರೀ. ಕೇಳಿಸ್ತಾ?"

ಇವಳು ಮಾತಾಡಿದರೆ ಬೀದಿಗೆಲ್ಲಾ ಕೇಳುತ್ತೆ ಅಂತ ನೆಂಟರ ಮುಂದೆಲ್ಲ ಆಡಿಕೊಂಡವನು ನಾನು. ಯಾಕೆ ಅಷ್ಟು ಜೋರಾಗಿ ಮಾತಾಡ್ತೀಯ ಅಂತ ಅವಳನ್ನೇ ಒಂದು ದಿನವಾದರೂ ಕೇಳಿದ್ದೆನಾ?