ಕಳೆದದ್ದಲ್ಲ, ಖಾಲಿ

ಸೈಮಿಯನ್ನು ನಾನು ಮೊದಲು ನೋಡಿದ ದಿನ ಅವಳು ನಮ್ಮ ಹಬೆಸ್ನಾನದ ಸೌನಾ ಮನೆಯ ಪಾಯದ ಕಲ್ಲನ್ನು ನೆಕ್ಕುತ್ತಿದ್ದಳು. ಬಾಡಿಗೆಗೆ ಕೋಣೆ ಕೇಳಲು ಬಂದವಳು ಬಾಗಿಲು ತಟ್ಟುವ ಮೊದಲೇ ಅಲ್ಲಿ ಮಂಡಿಯೂರಿದ್ದಳು.

"ಏನೇ ಹುಡುಗಿ, ಊಟ ಕಂಡು ಎಷ್ಟು ದಿನ ಆಯ್ತು?"

"ಒದ್ದೆ ಮಾಡಿದ್ರೆ ಹರಳು ಚೆನ್ನಾಗಿ ಕಾಣುತ್ತೆ ಅಜ್ಜಿ. ನಮ್ಮ ಕ್ಲಾಸಲ್ಲಿ ಎಲ್ರೂ ನೆಕ್ತೀವಿ."

"ನಿಮ್ಮ ಮೇಷ್ಟ್ರೂನಾ?"

"ಅವ್ರೇ ಮೊದ್ಲು."

ಕೋಣೆ ಕೊಟ್ಟೆ. ಅವಳು ಸಡ್‌ಬರಿ ನಗರದ ಕಾಲೇಜಿನಲ್ಲಿ ಅದಿರು, ಕಲ್ಲುಗಳ ಪದವಿ ಓದುತ್ತಿದ್ದಳು. ಕೊನೆಯ ವರ್ಷ. ನಮ್ಮೂರಿನ ಮುಚ್ಚಿದ ಗಣಿಯನ್ನು ಮತ್ತೆ ತೆರೆಯಬಹುದೇ ಎಂದು ಹೊಸಬರು ಡ್ರಿಲ್ ಹಾಕಿಸುತ್ತಿದ್ದರು. ಮೇಲೆ ಬಂದ ಕಲ್ಲನ್ನು ಪರೀಕ್ಷಿಸಿ ಅವಳು ವರದಿ ಬರೆಯಬೇಕಿತ್ತು. ಅದು ಪಾಸಾದರೆ ಪದವಿ.

ಬಹಳ ವರ್ಷಗಳ ಹಿಂದೆ ನನ್ನ ಗಂಡ ಉರ್ಹೊ ಕೆಲಸಕ್ಕೆ ಇಳಿಯುತ್ತಿದ್ದದ್ದು ಅದೇ ಗಣಿಗೆ. ಇಳಿಯುವಾಗ ಪ್ರತಿಯೊಬ್ಬನೂ ಹಲಗೆಯಿಂದ ತನ್ನ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳುತ್ತಿದ್ದ, ಮೇಲೆ ಬಂದಾಗ ತೂಗುಹಾಕುತ್ತಿದ್ದ. ಒಂದು ಸಂಜೆ ಉರ್ಹೊ ಬರಲಿಲ್ಲ, ಬಿಲ್ಲೆ ಮಾತ್ರ ಹಲಗೆಯಲ್ಲಿತ್ತು. ಜೊತೆಗಾರ ಆರ್ವೊ ಇಬ್ಬರ ಬಿಲ್ಲೆಯನ್ನೂ ತನ್ನ ಜೇಬಲ್ಲೇ ಇಟ್ಟುಕೊಂಡು, ಮೇಲೆ ಬಂದಾಗ ತಾನೇ ಹಾಕುತ್ತಿದ್ದ. ಅಂದೂ ಹಾಗೇ ಹಾಕಿದ್ದ. ಉರ್ಹೊ ಸ್ನಾನಕ್ಕೆ ಮುಂದೆ ಹೋಗಿದ್ದಾನೆ ಅಂದುಕೊಂಡಿದ್ದನಂತೆ. ಬಿಲ್ಲೆ ಇದೆ, ಅಂದಮೇಲೆ ಮನುಷ್ಯ ಮೇಲೆ ಬಂದಿದ್ದಾನೆ ಎಂದರು ಕಚೇರಿಯವರು. ಕೆಳಗೆ ಯಾರೂ ಹುಡುಕಲಿಲ್ಲ.

"ಮರ ಕಡಿಯೋರ ಶಿಬಿರದ ಅಡುಗೆಯವಳ ಜೊತೆ ಪಶ್ಚಿಮಕ್ಕೆ ಓಡಿರ್ತಾನೆ ಬಿಡು ಹಿಲ್ಯಾ, ನಿನ್ನ ಬಟಾಣಿ ಸಾರು ಸಾಕಾಗಿರ್ಬೇಕು," ಎಂದು ಪಕ್ಕದ ಮನೆಯವಳು ನಕ್ಕಿದ್ದಳು.

ಇದನ್ನೆಲ್ಲ ಸೈಮಿಗೆ ಹೇಳಿದ್ದೆ. ಒಂದು ಮಧ್ಯಾಹ್ನ ಅವಳಿಗೆ ಕಾಫಿ ಕೊಡಲು ಡ್ರಿಲ್ಲಿನವರ ಶೆಡ್ಡಿಗೆ ಹೋದೆ. ಲಟ್ಟಣಿಗೆಯಂಥ ಕಲ್ಲಿನ ತುಂಡುಗಳನ್ನು ಮೇಲಿನಿಂದ ಕೆಳಕ್ಕೆ ಬಂದ ಕ್ರಮದಲ್ಲೇ ಉದ್ದನೆ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ಕಲ್ಲು ಬಾರದ ಜಾಗಕ್ಕೆ ಮರದ ತುಂಡು ಇಟ್ಟು ಅದರ ಮೇಲೆ ಬರೆಯುತ್ತಾರೆ. ಕಲ್ಲು ಪುಡಿಯಾಗಿ ನೀರಲ್ಲಿ ಹೋದರೆ 'ಕಳೆದಿದೆ'. ಡ್ರಿಲ್ಲು ಪೊಳ್ಳಿಗೆ ಬಿದ್ದರೆ 'ಖಾಲಿ'. ಅವಳ ಮುಂದಿದ್ದ ತುಂಡಿನಲ್ಲಿ 'ಕಳೆದಿದೆ' ಎಂದಿತ್ತು. ಅವಳು ಅದರ ಕೆಳಗಿನ ಕಲ್ಲಿನ ತುದಿಯನ್ನು ನೆಕ್ಕಿದಳು. ಬಾಯಿ ಒರೆಸಿಕೊಂಡಳು.

"ಅಜ್ಜಿ, ಇಲ್ಲಿ ಅಂಟಿರೋದು ಕಲ್ಲಲ್ಲ. ಕೊಳೆತ ಮರ."

ಗಣಿಯ ನಕ್ಷೆಯಲ್ಲಿ ಆ ಜಾಗ ಗಟ್ಟಿ ಬಂಡೆ. ಅದರ ಪ್ರಕಾರ ಅಲ್ಲಿ ಸುರಂಗವೇ ಇರಲಿಲ್ಲ. ಆದರೆ ಸುರಂಗದ ಸೂರಿಗೆ ಮರದ ಆಸರೆ ಕೊಡುವುದು ಮನುಷ್ಯರು ಮಾತ್ರ. ಉರ್ಹೊನ ಕೆಲಸವೇ ಅದಾಗಿತ್ತು.

ಅಂದಿನಿಂದ ಅವಳು ಚಮಚ ಬಾಯಿಗೆ ಒಯ್ಯುತ್ತಾ ನಿಲ್ಲಿಸಿ ಅಡುಗೆಮನೆಯ ನೆಲ ನೋಡುತ್ತಿದ್ದಳು. ಅಷ್ಟು ವರ್ಷ ಗೇಟಿನ ಸದ್ದಿಗೆ ಕಿವಿ ಕೊಟ್ಟಿದ್ದ ನಾನೂ ನೆಲಕ್ಕೆ ಕಿವಿ ಕೊಡತೊಡಗಿದೆ. ಕೆಟಲ್ ಕುದಿಯುವ ಮುಂಚೆ ಟಕ್ ಟಕ್ ಎಂದರೆ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮೇಷ್ಟ್ರು ಫೋನಿನಲ್ಲಿ ಗದರಿದರಂತೆ. ಆ ಮರದ ಚೂರು ಕಲ್ಲಿಟ್ಟ ಪೆಟ್ಟಿಗೆಯದೇ ಇರಬೇಕು, 'ಕಳೆದಿದೆ' ಅಂತಲೇ ಇರಲಿ, ದೆವ್ವದ ಕತೆ ಬರೆದರೆ ಪಾಸು ಮಾಡುವುದಿಲ್ಲ ಎಂದು.

ಸೈಮಿ ಡ್ರಿಲ್ ನಡೆಸುವ ರೆಮಿಯನ್ನು ಹಿಡಿದಳು. "ಇಲ್ಲಿ ಡ್ರಿಲ್ಲಿನ ಸರಳು ಪೊಳ್ಳಿಗೆ ಜಾರ್ತಾ? ನಿಜ ಹೇಳು."

ರೆಮಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಜಾರ್ತು ಕಣಮ್ಮಾ. ದಬಕ್ ಅಂತ. ಮನೆಗೆ ಹೊರಡೋ ಹೊತ್ತು, ಕೈ ಯಾವಾಗ್ಲೂ ಬರೆಯೋದನ್ನೇ ಬರೀತು."

ಆರ್ವೊನ ಕೈಯೂ ಹಾಗೇ ಮಾಡಿತ್ತು.

ಸೈಮಿ ಹಳೆಯ ಮಾತು ಹೊಡೆದುಹಾಕಿ 'ಖಾಲಿ' ಎಂದು ಬರೆದಳು. ವರದಿಯಲ್ಲೂ ಅದನ್ನೇ ಇಟ್ಟಳು. ಮೇಷ್ಟ್ರು ಸಿಟ್ಟಿನಿಂದಲೇ ಬಂದರು. ಕಲ್ಲನ್ನು ಬೆಳಕಿಗೆ ಹಿಡಿದರು, ತಾವೂ ನೆಕ್ಕಿದರು. ಆಮೇಲೆ ಸಹಿ ಹಾಕಿದರು. ಆ ತೂತಿನಲ್ಲಿ ದೀಪ ಕಟ್ಟಿದ ಕ್ಯಾಮೆರಾ ಇಳಿಸುವುದೆಂದು ತೀರ್ಮಾನವಾಯಿತು.

ಕ್ಯಾಮೆರಾ ಇಳಿಸುವ ದಿನ ಬೆಳಿಗ್ಗೆ ನಾನು ರೈ ರೊಟ್ಟಿಗೆ ಬೆಣ್ಣೆ ಸವರಿ ಕಾಗದದಲ್ಲಿ ಸುತ್ತಿ ಕೊಟ್ಟೆ. ಅವಳು ಹೊಸ್ತಿಲ ಮೇಲೆ ಕೂತು ತನ್ನ ಬೂಟಿನ ದಾರ ಕಟ್ಟುತ್ತಿದ್ದಳು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ತಲೆ ಎತ್ತಲಿಲ್ಲ.

"ಅಜ್ಜಿ," ಅಂದಳು, "ಅವತ್ತು ಅಜ್ಜನ ಕಾಲಲ್ಲಿ ಎಂಥಾ ಬೂಟಿತ್ತು?"