ಹುಳ ತೋರಿಸುವುದಿಲ್ಲ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆಡುವ ಪ್ರತಿಯೊಂದು ಮಾತನ್ನೂ ತೂಗಿ ಆಡಬೇಕೆಂಬ ಅಂಜಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮುತ್ತುಗದ ಬೀಜದ ವಿಷಯದಲ್ಲಿ ಮಾತ್ರ ನಾನು ಅಂಜಲಿಲ್ಲ.

ಆ ವರ್ಷ ನಮ್ಮೂರು ತಂಬೂರಿನ ಕಡೆ ಮಳೆ ಬಿಡುವು ಕೊಡಲಿಲ್ಲ. ಹಸಿ ಹುಲ್ಲು ಮೇಯ್ದ ನಮ್ಮ ಕುರಿಗಳ ಹೊಟ್ಟೆಯಲ್ಲಿ ಹುಳಗಳು ಹೆಚ್ಚಿದವು. ಅಂಗಡಿಯ ಬಾಟಲಿ ಔಷಧವನ್ನು ಕಾಕಾ ಇಡೀ ಹಿಂಡಿಗೆ ಮತ್ತೆ ಮತ್ತೆ ಕುಡಿಸಿದರೂ ಕುರಿಗಳು ಸೊರಗುತ್ತಲೇ ಹೋದವು. ಅವ್ವನ ಕರಿ ಕುರಿಯಂತೂ ಹೆಜ್ಜೆ ಎತ್ತಿಡಲು ಒಲ್ಲೆನ್ನುತ್ತಿತ್ತು. ಮಳೆ ನಿಂತ ಮೇಲೆ ಹಿಂಡು ಮೇವಿಗಾಗಿ ನವಲಗುಂದದ ಎರೆಹೊಲಗಳಿಗೆ ನಡೆದೇ ಹೋಗಬೇಕು.

"ಅಷ್ಟರಾಗ ಚೇತರಿಸ್ಲಿಲ್ಲಂದ್ರ ಇದನ್ನ ಸಂತಿಗೆ ಹೊಡಿತೇನಿ," ಎಂದು ಕಾಕಾ ಹೇಳಿಬಿಟ್ಟರು. ಸಂತೆಯಲ್ಲಿ ಅಂಥ ಕುರಿಯನ್ನು ಕೊಳ್ಳುವವರು ಕಟುಕರು ಮಾತ್ರ.

ಹೊಟ್ಟೆಹುಳಕ್ಕೆ ಮದ್ದೆಂದು ಬೇಸಿಗೆಯಲ್ಲಿ ಆರಿಸಿಟ್ಟಿದ್ದ ಮುತ್ತುಗದ ಬೀಜಗಳು ಮನೆಯಲ್ಲಿದ್ದವು. ಪಶುವೈದ್ಯರನ್ನು ಕೇಳಿ ಪ್ರಮಾಣ ತಿಳಿದುಕೊಂಡೆ. ಗಬ್ಬದ ಕುರಿಗಳಿಗೆ ಕೊಡಬಾರದೆಂದು ಅವರು ಎಚ್ಚರಿಸಿದರು. ಬೀಜ ಸುಲಿದು, ಕುಟ್ಟಿ, ಬೆಲ್ಲದಲ್ಲಿ ಉಂಡೆ ಕಟ್ಟಿದೆ.

"ಕಾಲೇಜ ಕಲ್ತು ಬೀಜಾ ಕುಟ್ಟಾಕ ಬಂದಿ ಏನ್ ಬೇ?" ಕಾಕಾ ನಕ್ಕರು.

"ಹೌದ್ರಿ. ಕಲ್ತಿದ್ದಕ್ಕನ ಕುಟ್ಟಾಕತ್ತೇನ್ರಿ."

ಒಂದೊಂದು ಕುರಿಯ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿ, ಒಳಗೆ ಬಿಳಿಚಿದ್ದವುಗಳಿಗಷ್ಟೇ ಉಂಡೆ ತಿನ್ನಿಸಿದೆ; ಕರಿ ಕುರಿಯೂ ಅವುಗಳಲ್ಲಿತ್ತು. ಮರುದಿನದಿಂದ ಕಾಕಾ ಕೋಲಿನಿಂದ ಹಿಕ್ಕೆ ಕೆದರತೊಡಗಿದರು.

"ಒಂದರ ಹುಳಾ ಬಿದ್ದೈತೇನು? ತೋರ್ಸು!"

ಹಿಕ್ಕೆಯಲ್ಲಿ ಹುಳ ಕಂಡರಷ್ಟೇ ಔಷಧ ನಾಟಿತೆಂಬುದು ನಮ್ಮವರ ನಂಬಿಕೆ. ರಕ್ತ ಹೀರುವ ಹುಳ ಕೂದಲಿನಷ್ಟು ತೆಳುವಾದದ್ದು, ಹಿಕ್ಕೆಯಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ. ರೆಪ್ಪೆಯೊಳಗೆ ಕೆಂಪು ಮರಳುವುದೇ ಅದಕ್ಕೆ ಸಾಕ್ಷಿ ಎಂದು ವಿವರಿಸಿದೆ. ಕಾಕಾ ತಮ್ಮ ರೆಪ್ಪೆಯನ್ನೇ ಜಗ್ಗಿ ತೋರಿಸಿದರು. "ಹಂಗಾರ ನಂದೂ ನೋಡ. ನನಗೂ ಒಂದ್ ಉಂಡಿ ಕೊಡ."

"ಮೊದಲ ಅವರಿಗೇ ಕೊಡ," ಒಳಗಿನಿಂದ ಅವ್ವ ಕೂಗಿದಳು, "ಕುರಿ ತಡಕೋತಾವು!"

ಒಂದು ಕುರಿಯ ದವಡೆಯ ಕೆಳಗೆ ನೀರು ತುಂಬಿ ಬಾತುಕೊಂಡಾಗ ನಾನೇ ಪಶುವೈದ್ಯರನ್ನು ಕರೆಸಿ ಸೂಜಿ ಹಾಕಿಸಿದೆ.

"ಸೋತ್ಯಲ್ಲ!" ಎಂದರು ಕಾಕಾ.

"ಸೋತಿಲ್ರಿ. ಸೂಜಿ ಬೇಕಾದದ್ದಕ್ಕ ಸೂಜಿ. ಎಲ್ಲಾಕ್ಕೂ ಬಾಟ್ಲಿ ಸುರುವೂದು ಬ್ಯಾಡಂತ ನನ್ನ ಮಾತು."

ಆ ಮಾತನ್ನು ಇಂದೂ ನಾನು ತಿದ್ದಲಾರೆ.

ಹಿಂಡು ಹೊರಡುವ ಬೆಳಿಗ್ಗೆ ಕಾಕಾ ಸಂತೆಗೆ ಒಯ್ಯಲೆಂದು ಹಗ್ಗ ಹಿಡಿದು ಕರಿ ಕುರಿಯ ಬಳಿ ಬಂದರು. "ಕಡೀಕೂ ಹುಳಾ ತೋರಿಸ್ಲಿಲ್ಲ ನೀ."

"ತೋರ್ಸೂದಿಲ್ರಿ. ಕಣ್ಣ ನೋಡ್ರಿ." ನಾನು ಅದರ ರೆಪ್ಪೆ ಜಗ್ಗಿದೆ. ದಟ್ಟ ಕೆಂಪೇನಲ್ಲ; ಆದರೆ ಬಿಳುಪು ಹೋಗಿತ್ತು. ಕಾಕಾ ಬಾಗಿ ನೋಡಿದರು, ಹಗ್ಗದ ಹಿಡಿತ ಸಡಿಲಿಸಿದರು. ಅವರ ಕೈಯಿಂದ ಹಗ್ಗ ತೆಗೆದುಕೊಂಡು ಗೂಟಕ್ಕೆ ಸುತ್ತಿದೆ. ಕುರಿ ಹಿಂಡಿನೊಳಗೆ ನುಗ್ಗಿತು. ಮುಂದೆ ಹೋಗಲಿಲ್ಲ, ಹಿಂದೆಯೂ ಬೀಳಲಿಲ್ಲ. ನಡುವೆ ಸೇರಿ ನವಲಗುಂದದ ದಾರಿ ಹಿಡಿಯಿತು.